ಆಯಿ ಓದಿ ನಿಲ್ಲಿಸಿದ ಪುಟ

ನಮ್ಮ ಮನೆಯ ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಕಂಡರೆ ಚಿಕ್ಕಂದಿನಲ್ಲಿ ನನಗೆ ಹೆದರಿಕೆ ಇರಲಿಲ್ಲ. ಅದು ಆಯಿಯ ಪುಸ್ತಕವಾಗಿತ್ತು, ಅಷ್ಟೇ. ಹೆದರಿಕೆ ಬಂದದ್ದು ಆಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ. ನಾನಾಗ ಬೈಲಹೊಂಗಲದಲ್ಲಿ ಪಿಯುಸಿ ಓದುತ್ತಿದ್ದೆ, ಅಕ್ಕ ಚೊಚ್ಚಲ ಹೆರಿಗೆಗೆಂದು ಕಿತ್ತೂರಿನಿಂದ ತವರಿಗೆ ಬಂದಿದ್ದಳು. ಇಷ್ಟು ವರ್ಷಗಳಾದ ಮೇಲೂ ಆ ಪುಸ್ತಕ ತಾನಾಗಿ ತೆರೆದುಕೊಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಆಯಿ ಎಂದರೆ ಅಪ್ಪನ ತಾಯಿ, ರಾಮದುರ್ಗದ ಹೆಣ್ಣುಮಗಳು. ಮಧ್ಯಾಹ್ನ ರೊಟ್ಟಿ ಬಡಿದು, ಒಲೆ ಸಾರಿಸಿ, ಹೊಸ್ತಿಲ ಬಳಿ ಬೆಳಕಿಗೆ ಕುಳಿತು ದಿನಕ್ಕೊಂದು ಪುಟ ಓದುತ್ತಿದ್ದಳು. ಮೊದಲ ಪುಟದಿಂದ ಸುರುಮಾಡಿ ಕೊನೆಯ ಪುಟದವರೆಗೆ, ಮುಗಿದರೆ ಮತ್ತೆ ಮೊದಲಿನಿಂದ. ನಡುವೆ ಯಾರ ಮಗ ಯಾರು ಎಂಬ ಉದ್ದನೆಯ ಹೆಸರುಗಳ ಸಾಲು ಬಂದರೂ ಒಂದನ್ನೂ ಬಿಡುತ್ತಿರಲಿಲ್ಲ.

"ಆಯಿ, ಬರೇ ಹೆಸರ ಅದಾವು, ಹಾರಿಸಿ ಹೋಗ" ಎಂದು ನಾವು ಕಾಡಿಸುತ್ತಿದ್ದೆವು.

"ಮಂದಿ ತಮ್ಮ ಹೆಸರ ಹೇಳೂಮುಂದ ನಡುವ ಎದ್ದು ಹೋಗಬಾರದವ್ವಾ" ಎನ್ನುತ್ತಿದ್ದಳು.

ಓದಿದ್ದರ ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ. "ಇನ್ನೂ ಮಾತು ಮುಗದಿಲ್ಲ. ಮುಂದ ಓದಿದ್ರ ತಿಳೀತೈತಿ. ಅರ್ಧಾ ಮಾತು ಕೇಳಿ ಜಗಳಕ್ಕ ಹೋಗೂ ಮಂದಿ ಭಾಳ ಅದಾರು, ನೀವು ಹಂಗ ಆಗಬ್ಯಾಡ್ರಿ." ಆಮೇಲೆ ತನ್ನ ಕನ್ನಡಕವನ್ನು ತೆಗೆದು (ಅವಳು ಅದಕ್ಕೆ ಚಾಳೀಸು ಎನ್ನುತ್ತಿದ್ದಳು) ಓದಿ ನಿಲ್ಲಿಸಿದ ಪುಟದ ನಡುವೆ ಮಲಗಿಸಿ ಪುಸ್ತಕ ಮುಚ್ಚುತ್ತಿದ್ದಳು. ಪುಟದ ಗುರುತೂ ಆಯಿತು, ಮೊಮ್ಮಕ್ಕಳ ಕೈಯಿಂದ ಚಾಳೀಸೂ ಉಳಿಯಿತು. ಪುಸ್ತಕದ ಬೆನ್ನು ಮಾತ್ರ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿರುತ್ತಿತ್ತು.

ಒಂದು ಮಳೆಗಾಲದಲ್ಲಿ ಜ್ವರ ಬಂದು ಆಯಿ ತೀರಿಕೊಂಡಳು. ಆ ದಿನ ಓದಿ ನಿಲ್ಲಿಸಿದ ಪುಟದಲ್ಲೇ ಚಾಳೀಸು ಉಳಿಯಿತು. ಯಾರೂ ತೆಗೆಯಲಿಲ್ಲ. ತೆಗೆಯಬೇಕಾದರೆ ಪುಸ್ತಕ ಬಿಡಿಸಬೇಕಲ್ಲ! ಕೆಂಪು ವಸ್ತ್ರದಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆವು. ನನಗೆ ಕೆಟ್ಟ ಕನಸು ಬಿದ್ದರೆ ದಿಂಬಿನ ಕೆಳಗೆ ಬರುತ್ತಿತ್ತು. ಯಾರಿಗಾದರೂ ನೆಗಡಿ ಜ್ವರ ಹತ್ತಿದರೆ ತಲೆಯ ಮೇಲೆ ಬರುತ್ತಿತ್ತು. ಅಕ್ಕನ ನಿಶ್ಚಿತಾರ್ಥಕ್ಕೆ ಮೇಜಿನ ಮೇಲೆ ಹೂಹಾರದ ನಡುವೆ ಬಂತು. ಎಷ್ಟೋ ವರ್ಷಗಳ ಮೇಲೆ ಒಂದು ಕ್ರಿಸ್ಮಸ್ಸಿಗೆ ಸುಣ್ಣ ಬಳಿಯುವಾಗ ಅವ್ವ ಚಾಳೀಸನ್ನು ಹೊರತೆಗೆದು ಆಯಿಯ ಸೀರೆಗಳ ಜೊತೆ ಟ್ರಂಕಿಗೆ ಹಾಕಿದಳು, ಪುಸ್ತಕವನ್ನು ಒರೆಸಿ ಮತ್ತೆ ಮೇಲಿಟ್ಟಳು. ಓದುವುದೊಂದನ್ನು ಬಿಟ್ಟು ಆ ಪುಸ್ತಕದಿಂದ ನಾವು ಎಲ್ಲ ಕೆಲಸವನ್ನೂ ಮಾಡಿಸಿಕೊಂಡೆವು.

ನಮ್ಮ ಹಳೆಯ ಚರ್ಚಿನ ಸಭೆಯಲ್ಲೂ ಕಥೆ ಬೇರೆಯಾಗಿರಲಿಲ್ಲ. ಪೀಠದ ಮೇಲೆ ಮಖಮಲ್ಲಿನ ಬಟ್ಟೆ ಹೊದಿಸಿದ ದೊಡ್ಡ ಸತ್ಯವೇದ ಇತ್ತು, ಅದರ ಮೇಲೆ ಮೈಕಿನ ವೈರು ಸುತ್ತಿ ಇಡುತ್ತಿದ್ದರು. ಪಾದ್ರಿ ಅಯ್ಯನವರು ನಾಲ್ಕು ಸಾಲು ಓದಿ ಮುಗಿಸುತ್ತಿದ್ದರು. ಸುಗ್ಗಿಹಬ್ಬಕ್ಕೆ ಯಾರು ಏನು ತರಬೇಕು, ಕಾಂಪೌಂಡಿನ ಗೇಟಿಗೆ ಯಾವ ಬಣ್ಣ ಹಚ್ಚಬೇಕು ಎಂಬ ಪ್ರಕಟಣೆಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅದಕ್ಕೇ ಇರಬೇಕು, ಹತ್ತಿ ಪ್ಯಾಟಿಯ ಹಿಂದೆ ಒಂದು ಹಾಲ್‌ನಲ್ಲಿ ಹೊಸ ಪ್ರಾರ್ಥನಾ ಕೂಟ ಸುರುವಾದಾಗ ಅಪ್ಪ ಅತ್ತ ಹೊರಳಿದ. ಅಲ್ಲಿ ಕೀಬೋರ್ಡ್ ಇತ್ತು, ಅಳು ಇತ್ತು, ಕೈಯೆತ್ತಿ ಕುಣಿಯುವುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುತ್ತಿತ್ತು.

ಕೂಟ ನಡೆಸುವವರನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಮೋಟಾರ್‌ಸೈಕಲ್ ಮೇಲೆ ಯರಗಟ್ಟಿ, ಸವದತ್ತಿ, ರಾಮದುರ್ಗ ಅಂತ ತಿರುಗುತ್ತಿದ್ದ ಮನುಷ್ಯ. ಅವರು ಕಲಿಸಿದ ಪದ್ಧತಿಗೆ 'ಮಾತು ತೆಗೆಯೋದು' ಎಂದು ಹೆಸರು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಣ್ಣು ಮುಚ್ಚಿ ಪ್ರಾರ್ಥಿಸಬೇಕು, ಸತ್ಯವೇದವನ್ನು ಬೆನ್ನ ಮೇಲೆ ನಿಲ್ಲಿಸಿ ಕೈ ಬಿಡಬೇಕು, ಅದು ತೆರೆದ ಕಡೆ ಬೆರಳಿಡಬೇಕು. ಬೆರಳ ಕೆಳಗಿನ ಸಾಲೇ ದೇವರ ಉತ್ತರ. ಇದು ನಮಗೆ ಹೊಸದೆನಿಸಲೇ ಇಲ್ಲ. ನಮ್ಮ ಕಡೆ ಗುಡಿಗಳಲ್ಲಿ ಹೂ ಕೇಳುತ್ತಾರೆ. ದೇವರ ಎಡಕ್ಕೂ ಬಲಕ್ಕೂ ಹೂ ಹಚ್ಚಿ ಕುಳಿತರೆ, ಬಲದ ಹೂ ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ನಮ್ಮ ಮುತ್ತಜ್ಜಂದಿರು ಆ ಗುಡಿ ಬಿಟ್ಟು ಬಂದರು, ಹೂ ಕೇಳುವ ಚಟ ಮಾತ್ರ ಅವರ ಬೆನ್ನು ಹತ್ತಿ ಬಂತು. ಹೂವಿನ ಜಾಗಕ್ಕೆ ಪುಸ್ತಕ ಬಂತು ಅಷ್ಟೇ.

ಅಪ್ಪ ಕನ್ನಡ ಸಾಲಿಯ ಮಾಸ್ತರ. ವರ್ಗಾವಣೆಗೆ ಅರ್ಜಿ ಹಾಕುವ ಮುಂಚೆ ಮಾತು ತೆಗೆಸಿದ. ಎಮ್ಮೆ ಕೊಳ್ಳುವ ಮುಂಚೆ ತೆಗೆಸಿದ. ಆಗೆಲ್ಲ ಬ್ರದರ್ ತಮ್ಮ ಪುಸ್ತಕವನ್ನೇ ಬಿಡಿಸುತ್ತಿದ್ದರು, ಪ್ರತಿ ಸಲವೂ ಸಿಹಿ ಮಾತೇ ಬರುತ್ತಿತ್ತು. ಹೆದರಬೇಡ, ನಾನಿದ್ದೇನೆ, ನಿನ್ನನ್ನು ಮೇಲೆತ್ತುತ್ತೇನೆ, ಇಂಥವೇ. ದೇವರಿಗೆ ನಮ್ಮ ಮೇಲೆ ಇಷ್ಟು ಪ್ರೀತಿಯೇ ಎಂದು ನಮಗೂ ಸುಖವಾಗುತ್ತಿತ್ತು. ಬ್ರದರ್ ದಿನಾ ಆ ಸಿಹಿ ಸಾಲುಗಳನ್ನೇ ಬಿಡಿಸಿ ಬಿಡಿಸಿ ಅವರ ಪುಸ್ತಕದ ಬೆನ್ನು ಆ ಜಾಗಗಳಲ್ಲೇ ಮುರಿದಿತ್ತು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಕ್ಕನಿಗೆ ದಿನ ತುಂಬುತ್ತ ಬಂದಾಗ ಊರಿನ ಡಾಕ್ಟರ್‌ಬಾಯಿ ಹೊಟ್ಟೆ ಮುಟ್ಟಿ ನೋಡಿ ಅಪ್ಪನನ್ನು ಒಳಗೆ ಕರೆದರು. "ಮಾಸ್ತರ, ಕೂಸು ಅಡ್ಡ ಮಲಗೇತ್ರಿ. ಬ್ಯಾನಿ ಬರೂತನಕ ಕಾಯಬ್ಯಾಡ್ರಿ. ಬೆಳಗಾವಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ, ಆಪರೇಷನ್ ಮಾಡಬೇಕಾಗತೈತಿ. ಇಲ್ಲೇ ಬ್ಯಾನಿ ಸುರು ಆದ್ರ ಇಬ್ಬರ ಜೀವಕ್ಕೂ ಧೋಕಾ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಯಾರಾದರೂ ಬಸ್‌ಸ್ಟ್ಯಾಂಡಿಗೆ ಓಡುತ್ತಾರೆ. ನಾವು ಮನೆಗೆ ಬಂದೆವು. ಆಪರೇಷನ್ ಎಂಬ ಮಾತಿಗೆ ಅಪ್ಪ ಹೆದರಿದ್ದ. "ಒಂದ ಮಾತ ತಗಿಸಿ ಹೋಗೂಣು" ಎಂದ. ಬ್ರದರ್ ಬಂದರು. ಮನೆಯ ಹೆಣ್ಣುಮಗಳ ಬಸಿರಿನ ವಿಷಯ, ಅದಕ್ಕೆ ಮನೆಯ ಸತ್ಯವೇದದಲ್ಲೇ ಕೇಳಬೇಕು ಎಂದರು. ನಾನು ಕುರ್ಚಿ ಹತ್ತಿ ಕಪಾಟಿನ ಮೇಲಿಂದ ಕೆಂಪು ವಸ್ತ್ರದ ಗಂಟನ್ನು ಇಳಿಸಿ ಕೊಟ್ಟೆ.

ಅಪ್ಪ ಕಣ್ಣು ಮುಚ್ಚಿ ಪುಸ್ತಕವನ್ನು ನಿಲ್ಲಿಸಿ ಕೈಬಿಟ್ಟ. ಅದು ತಡವಿಲ್ಲದೆ, ಕಾದು ಕುಳಿತಿತ್ತೋ ಎನ್ನುವಂತೆ ಎರಡಾಗಿ ಬಿಚ್ಚಿಕೊಂಡಿತು. ಅಪ್ಪ ಬೆರಳಿಟ್ಟ, ಕಣ್ಣು ತೆರೆದ, ಓದಲಿಲ್ಲ. ಬ್ರದರ್ ಬಗ್ಗಿ ನೋಡಿದರು. ಅವರ ಮುಖದ ಬಣ್ಣವೇ ಹೋಯಿತು. ಅವ್ವ "ಏನ ಬಂತು, ಏನ ಬಂತು" ಎಂದು ಕೇಳುತ್ತಲೇ ಇದ್ದಳು. ಕೊನೆಗೆ ನಾನೇ ಇಣುಕಿದೆ. ಮಾತು ಕೇಳದವರ ಮೇಲೆ ಬೀಳುವ ಶಾಪಗಳ ಪಟ್ಟಿ ಅದು. ಅಪ್ಪನ ಬೆರಳು ನಿಂತಿದ್ದು ಗರ್ಭದ ಫಲಕ್ಕೂ ಶಾಪ ಎಂಬ ಸಾಲಿನ ಮೇಲೆ.

ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಎರಡೂ ಕೈಗಳಿಂದ ಹೊಟ್ಟೆಯನ್ನು ಮುಚ್ಚಿಕೊಂಡಳು. ಪುಸ್ತಕಕ್ಕೆ ಕಾಣದಂತೆ ಮುಚ್ಚಿದಳು ಎಂದು ನನಗೆ ಅನ್ನಿಸಿತು. ನನಗೆ ಅಷ್ಟು ಹೆದರಿಕೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ.

ಬ್ರದರ್ ಕೆಟ್ಟವರೆಂದು ನಾನು ಈಗಲೂ ಹೇಳುವುದಿಲ್ಲ. ಅವರೂ ನಮ್ಮಷ್ಟೇ ಹೆದರಿದ್ದರು. ಆದರೆ ತಾವು ಕಲಿಸಿದ ಆಟ ತಮ್ಮ ಕೈ ಮೀರಿದಾಗ ಅದರಿಂದ ಹೊರಗೆ ಬರುವ ದಾರಿ ಅವರಿಗೆ ಗೊತ್ತಿರಲಿಲ್ಲ. "ಮಾಸ್ತರ, ಶಾಪ ಇರೂತನಕ ಮೈಗೆ ಕತ್ತಿ ಹಚ್ಚಸಬ್ಯಾಡ್ರಿ. ಮನ್ಯಾಗ ಎಲ್ಲೋ ಪಾಪ ಐತಿ. ಉಪವಾಸ ಮಾಡ್ರಿ, ಹುಡುಕ್ರಿ, ಅದನ್ನ ತಗದ ಹಾಕ್ರಿ" ಎಂದರು.

ಅಲ್ಲಿಂದ ಮನೆಯಲ್ಲಿ ಪಾಪದ ಹುಡುಕಾಟ ಸುರುವಾಯಿತು. ಒಲೆ ಹೊತ್ತಲಿಲ್ಲ. ಅಪ್ಪ ಒಬ್ಬೊಬ್ಬರನ್ನೇ ಕರೆದು ಕೇಳಿದ. ನಾನು ನೋಡಿದ ಸಿನಿಮಾ, ಅವ್ವ ಬೈದ ಮಾತು, ಭಾವ ಕಂಡಕ್ಟರ್ ಕೆಲಸದಲ್ಲಿ ಭಾನುವಾರ ಸಭೆ ತಪ್ಪಿಸಿ ಬಸ್ಸು ಹತ್ತುವುದು, ಎಲ್ಲ ಹೊರಬಂದವು. ಭಾವನಿಗೆ ಸುದ್ದಿ ಮುಟ್ಟಿಸಲು ಕಿತ್ತೂರಿಗೆ ಫೋನು ಮಾಡಿದರೆ ಅವನು ಡ್ಯೂಟಿಯ ಮೇಲಿದ್ದ. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಓರೆಗಣ್ಣಿನಿಂದ ನೋಡತೊಡಗಿದೆವು. ಹೊರಗೆ ಬೀದಿ ಎಂದಿನಂತೆಯೇ ಇತ್ತು, ಹತ್ತಿ ಚಕ್ಕಡಿಗಳು ಹೋಗುತ್ತಿದ್ದವು. ಒಳಗೆ ಅಕ್ಕ ಗೋಡೆಗೆ ಒರಗಿಯೇ ಇದ್ದಳು. ಆಗಾಗ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಅಲುಗುತ್ತದೆಯೇ ಎಂದು ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ.

ಮರುದಿನ ಮಧ್ಯಾಹ್ನ ಬ್ರದರ್ ಮತ್ತೆ ಬಂದಾಗ ಅವರ ಕಣ್ಣು ಅಕ್ಕನ ಹಸಿರು ಬಳೆಗಳ ಮೇಲೆ ಬಿತ್ತು. ಪಕ್ಕದ ಮನೆಯ ಕಾಕಿ ಲಿಂಗಾಯತರ ಪೈಕಿ, ಸಂಪಗಾಂವದ ಕಡೆ ಹೊಲಮನೆ ಇದ್ದವರು. ಅಕ್ಕನಿಗೆ ಕುಬಸ, ಅಂದರೆ ಸೀಮಂತ, ಮಾಡಿದಾಗ ತಮ್ಮ ಮಗಳೆಂದೇ ತಿಳಿದು ಕೈತುಂಬ ಬಳೆ ಇಡಿಸಿ, ಉಡಿ ತುಂಬಿದ್ದರು.

"ಇವನ್ನ ಯಾರ ಇಡಿಸ್ಯಾರ್ರಿ?" ಎಂದರು ಬ್ರದರ್. ಅವ್ವ ಹೇಳಿದಳು. "ಇದ ನೋಡ್ರಿ ಪಾಪ ಬಂದ ಬಾಗಲಾ! ತಗೀರಿ ಇವನ್ನ" ಎಂದರು ಅವರು.

ಅವ್ವ ಸಾಬೂನು ಹಚ್ಚಿ ಎಳೆದಳು. ಅಕ್ಕನ ಕೈ ಬಾತಿತ್ತು, ಬಳೆ ಜಗ್ಗಲಿಲ್ಲ. "ಒಡದ ಬಿಡ್ರಿ" ಎಂದರು ಬ್ರದರ್. ಬಸುರಿಯ ಕೈಯ ಹಸಿರು ಬಳೆ ಒಡೆಯುವುದೆಂದರೇನೆಂದು ನಮ್ಮ ಸೀಮೆಯ ಹೆಂಗಸರಿಗೆ ಹೇಳಬೇಕಾಗಿಲ್ಲ, ಯಾವ ದೇವರನ್ನು ನಂಬಿದವರಿರಲಿ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಗಲಾಟೆ ಕೇಳಿ ಕಾಕಿ ಹಿತ್ತಲ ಬಾಗಿಲಿನಿಂದ ಬಂದು ನಿಂತಿದ್ದರು. ಏನಾಗುತ್ತಿದೆ ಎಂದು ತಿಳಿದು ಅವರ ಮುಖ ಕೆಂಪಾಯಿತು, ಆದರೆ ಬೈಯಲಿಲ್ಲ. "ಯಕ್ಕಾ, ನಮ್ಮ ಹೂವು ಹೂಂ ಇಲ್ಲಾ ಊಹೂಂ, ಇಷ್ಟ ಹೇಳತೈತಿ. ನಿಮ್ಮ ಪುಸ್ತಕ ಬೈಯಾಕ ಹತ್ತೇತೆಲ್ಲ! ಹೂ ಬೀಳಲಿಲ್ಲಂದ್ರ ನಾವು ಇನ್ನೊಮ್ಮೆ ಕೇಳತೇವಿ, ನೀವೂ ಕೇಳ್ರೆಲಾ."

"ಎರಡನೇ ಸಲ ಕೇಳಿದ್ರ ದೇವರನ್ನ ಪರೀಕ್ಷಾ ಮಾಡಿದಂಗ" ಎಂದರು ಬ್ರದರ್.

ಆಗ ಅಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಬಳಿ ಆಮ್ಯಾಲೆ ಒಡೀರಿ. ಪುಸ್ತಕ ನನ್ನ ಕೈಯಾಗ ಕೊಡ್ರಿ. ನನ್ನ ಕೂಸಿಗೆ ಬೈದದ್ದನ್ನ ನಾನ ಓದತೇನಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತೋ ಭಯವಿತ್ತೋ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು.

ನಾನು ತಂದು ಅವಳ ತೊಡೆಯ ಮುಂದೆ ಇಡಲು ಹೋದೆ. ಇಡುವಾಗ ಕೈ ಜಾರಿತು, ಪುಸ್ತಕ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತು. ಅದೇ ಪುಟ. ಅವ್ವ ಚೀರಿದಳು. ಅಕ್ಕ ಮಾತ್ರ ಬಗ್ಗಿ ನೋಡುತ್ತಿದ್ದಳು. ಅವಳು ಸಾಲನ್ನು ನೋಡುತ್ತಿರಲಿಲ್ಲ, ಹಾಳೆಯನ್ನು ನೋಡುತ್ತಿದ್ದಳು. ಹಾಳೆಯ ಮೇಲೆ ಅಕ್ಕಪಕ್ಕ ಎರಡು ತಗ್ಗು, ನಡುವೆ ಒಂದು ಹಸಿರು ಕಿಲುಬಿನ ಕಲೆ. ಅಕ್ಕ ಆ ತಗ್ಗಿನ ಮೇಲೆ ಬೆರಳಾಡಿಸಿದಳು.

"ಟ್ರಂಕಿನ್ಯಾಗಿನ ಆಯಿ ಚಾಳೀಸು ತೊಗೊಂಡ ಬಾ" ಎಂದಳು.

ನಾನು ತಂದುಕೊಟ್ಟೆ. ಹಿತ್ತಾಳೆ ಕಡ್ಡಿಯ ಆ ಚಾಳೀಸನ್ನು ಅಕ್ಕ ಹಾಳೆಯ ಮೇಲೆ ಮಲಗಿಸಿದಳು. ಗಾಜು ತಗ್ಗಿನಲ್ಲಿ ಕುಳಿತಿತು, ಮೂಗಿನ ಕಡ್ಡಿ ಕಲೆಯ ಮೇಲೆ ಕುಳಿತಿತು. ಅಪ್ಪ ನೆಲಕ್ಕೆ ಕುಳಿತ. ಚಾಳೀಸು ತೆಗೆದು, ಪುಸ್ತಕ ಮುಚ್ಚಿ, ನಿಲ್ಲಿಸಿ ಕೈಬಿಟ್ಟ. ಅದೇ ಪುಟ. ಮತ್ತೆ ಬಿಟ್ಟ, ಮತ್ತೆ ಅದೇ. ಸಾಲಿಯಲ್ಲಿ ಹುಡುಗರ ಲೆಕ್ಕ ತಾಳೆ ನೋಡುವವನಂತೆ ಬಿಡುತ್ತಲೇ ಇದ್ದ.

"ಹಂಗಾರ ದೇವರು ನಮಗ ಏನೂ ಹೇಳಿಲ್ಲೇನು?" ಎಂದ. ಶಾಪ ಬಂದಿಲ್ಲವೆಂದು ಅವನಿಗೆ ಸಮಾಧಾನವಾಗಬೇಕಿತ್ತು. ಆದರೆ ಉತ್ತರವೇ ಇಲ್ಲದೆ ನಡೆಯಬೇಕೆಂಬುದು ಅವನನ್ನು ಇನ್ನಷ್ಟು ಹೆದರಿಸಿತು. ಅದು ಅವನ ಮುಖದಲ್ಲೇ ಕಂಡಿತು.

"ಆಯಿ ಇನ್ನೂ ಓದಿ ಮುಗಿಸಿದ್ದಿಲ್ಲ ಅಪ್ಪಾ. ಆಕಿ ಸತ್ತ ಮ್ಯಾಲೆ ನಾವ್ಯಾರೂ ಮುಂದ ಓದಲಿಲ್ಲ" ಎಂದಳು ಅಕ್ಕ. ನನ್ನ ಕಡೆ ತಿರುಗಿ, "ಅಲ್ಲಿಂದ ಮುಂದ ಓದ" ಎಂದಳು.

ಓದಿದೆ. ಮುಂದೆ ಒಳ್ಳೆಯದು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಶಾಪದ ಮೇಲೆ ಶಾಪ. ರೋಗ, ಬರ, ಹಗೆ, ಹುಚ್ಚು. ಸಾಕೆನಿಸಿ ತಲೆಯೆತ್ತಿದೆ. ನಿಲ್ಲಿಸಲು ಅಕ್ಕ ಬಿಡಲಿಲ್ಲ. ಬ್ರದರ್ ಚಪ್ಪಲಿ ಮೆಟ್ಟಿಕೊಂಡು ಯಾವಾಗ ಹೊರಗೆ ಹೋದರೋ ನಾವು ನೋಡಲಿಲ್ಲ. ಹಾಳೆ ತಿರುವುವ ಹೊತ್ತಿಗೆ ಅಕ್ಕ ಒಮ್ಮೆಲೇ ನನ್ನ ಮೊಣಕೈಯನ್ನು ಉಗುರು ನಾಟುವಂತೆ ಹಿಡಿದಳು.

"ಬ್ಯಾನಿ ಬಂತು" ಎಂದಳು.

ಆಮೇಲಿನದೆಲ್ಲ ನನಗೆ ತುಣುಕು ತುಣುಕಾಗಿ ನೆನಪಿದೆ. ಕಾಕಿಯ ಮನೆಯ ಟ್ರ್ಯಾಕ್ಸ್ ಗಾಡಿ ಬಂತು. ಕಾಕಿಯೇ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕೂಸಿಗೆಂದು ಹಳೆಯ ಸೀರೆ ತುರುಕಿದ ಚೀಲದಲ್ಲಿ ಅವ್ವ ಪುಸ್ತಕವನ್ನೂ ತುರುಕಿದ್ದಳು. ಬೆಳಗಾವಿಯ ರಸ್ತೆಯ ಪ್ರತಿ ತಗ್ಗಿಗೂ ಅಕ್ಕ ನರಳುತ್ತಿದ್ದಳು, ಅಪ್ಪ ಡ್ರೈವರನಿಗೆ ಒಮ್ಮೆ ಜೋರಾಗಿ ಎನ್ನುತ್ತಿದ್ದ, ಒಮ್ಮೆ ಸಾವಕಾಶ ಎನ್ನುತ್ತಿದ್ದ. ಬೆಳಗಾವಿ ಹತ್ತಿರ ಬರುವ ಹೊತ್ತಿಗೆ ಅವಳ ನರಳಾಟ ನಿಂತಿತು. ನರಳಿದ್ದಕ್ಕಿಂತ ಅದು ಹೆದರಿಕೆಯದಾಗಿತ್ತು.

ದವಾಖಾನೆಯ ಬೆಂಚಿನ ಮೇಲೆ ಕುಳಿತು ನಾನು ಆ ಪುಸ್ತಕವನ್ನು ಓದಿದೆ. ಪ್ರಾರ್ಥಿಸಲು ಬಾಯಿ ಬರಲಿಲ್ಲ, ಸುಮ್ಮನೆ ಕುಳಿತರೆ ಹುಚ್ಚು ಹಿಡಿಯುತ್ತಿತ್ತು. ಶಾಪಗಳು ಮುಗಿದವು. ಅದರಾಚೆ ಕೆಲವು ಹಾಳೆ ದಾಟಿದ ಮೇಲೆ, ಜೀವವನ್ನೂ ಸಾವನ್ನೂ ನಿಮ್ಮೆದುರು ಇಟ್ಟಿದ್ದೇನೆ, ನೀವೂ ನಿಮ್ಮ ಮಕ್ಕಳೂ ಬದುಕುವಂತೆ ಜೀವವನ್ನೇ ಆರಿಸಿಕೊಳ್ಳಿ ಎಂಬ ಅರ್ಥದ ಮಾತು ಬಂತು. ಅಷ್ಟು ಬೈದವನು ಬೈದದ್ದೆಲ್ಲ ಈ ಮಾತಿಗಾಗಿಯೇ ಎಂದು ತಿಳಿದು ನಾನು ಅಲ್ಲೇ ಅತ್ತೆ. ಅಪ್ಪ ಎದುರಿಗೇ ನಿಂತಿದ್ದ. ಅವನಿಗೆ ಇದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಬಲಗಡೆಯ ಹೂ ಬಿದ್ದಂತೆ ಎಣಿಸಿಬಿಡುತ್ತಾನೆ ಎಂದು ಹೆದರಿಕೆಯಾಯಿತು.

ಹೆಣ್ಣುಕೂಸು ಬದುಕಿತು. ಅಕ್ಕನೂ ಬದುಕಿದಳು. ಆದರೆ ಗರ್ಭಚೀಲ ಹರಿದಿತ್ತು, ತೆಗೆಯದೆ ಬೇರೆ ದಾರಿ ಇರಲಿಲ್ಲ. "ನಿನ್ನೆ ಯಾಕ ಕರಕೊಂಡ ಬರಲಿಲ್ಲ?" ಎಂದು ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. ಡ್ಯೂಟಿಯಿಂದ ಹಾಗೆಯೇ ಓಡಿಬಂದ ಭಾವನೂ ಖಾಕಿ ಅಂಗಿಯಲ್ಲಿ ನಿಂತು ಅದನ್ನೇ ಕೇಳಿದ. ದೇವರ ಮಾತು ತೆಗೆಸುತ್ತಿದ್ದೆವು ಎಂದು ಯಾವ ಬಾಯಿಂದ ಹೇಳುವುದು?

ಕೆಲವು ವಾರಗಳ ಮೇಲೆ ಕೂಟದಲ್ಲಿ ಬ್ರದರ್ ನಮ್ಮ ಮನೆಯ ಕಥೆಯನ್ನು ಸಾಕ್ಷಿಯಾಗಿ ಹೇಳಿದರು. ಶಾಪ ಗರ್ಭವನ್ನು ತೆಗೆದುಕೊಂಡಿತು, ಉಪವಾಸ ಕೂಸನ್ನು ಉಳಿಸಿತು ಎಂದರು. ಜನ ಹೆದರಿ ಹಲ್ಲೆಲೂಯಾ ಎಂದರು. ಅಷ್ಟರಲ್ಲಿ ತಾನೇ ಮುಂದೆ ಓದಿಕೊಂಡಿದ್ದ ಅಪ್ಪ ಎದ್ದು ನಿಂತು, "ಬ್ರದರ್, ಆ ಭಾಗ ನೀವು ಪೂರಾ ಓದೀರೇನ್ರಿ?" ಎಂದು ಕೇಳಿದ. ಬ್ರದರ್ ಕೀಬೋರ್ಡಿನವನಿಗೆ ಕೈಸನ್ನೆ ಮಾಡಿದರು, ಹಾಡು ಸುರುವಾಯಿತು. ಅಪ್ಪ ಹಳೆಯ ಸಭೆಗೆ ಮರಳಿದ. ಅಲ್ಲಿ ಅಯ್ಯನವರನ್ನು ಒಂದು ಭಾನುವಾರ ಆ ಭಾಗವನ್ನು ಶಾಪದಿಂದ ಜೀವದವರೆಗೆ ಪೂರ್ತಿ ಓದಿಸಿ ಎಂದು ಬೇಡಿಕೊಂಡ. "ಅಷ್ಟುದ್ದ ಓದಿದ್ರ ಮಂದಿ ಕುಂದರತಾರೇನ್ರಿ ಮಾಸ್ತರ?" ಎಂದು ಅಯ್ಯನವರು ನಕ್ಕರು. ಅಪ್ಪ ನಗಲಿಲ್ಲ.

ನಾವು ಮಾತ್ರ ಏನು ಮಾಡಿದೆವು? ಪುಸ್ತಕ ಮತ್ತೆ ಕಪಾಟಿನ ಮೇಲೆ ಹೋಯಿತು. ಈ ಸಲ ಹೆದರಿಕೆಗೆ. ನಾನು ಒಬ್ಬಳೇ ಇದ್ದಾಗ ತೆಗೆದು ಓದುತ್ತಿದ್ದೆ. ಎಲ್ಲರೂ ಕುಳಿತಿರುವಾಗ ಅದನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಅಕ್ಕನಂತೂ ಅದರ ಕಡೆ ನೋಡುತ್ತಲೂ ಇರಲಿಲ್ಲ. ಆ ಸಾಲು ತನಗೆ ಬಂದ ಉತ್ತರವಲ್ಲವೆಂದು ಅವಳಿಗೆ ಗೊತ್ತಿತ್ತು, ಖಾಲಿಯಾದ ಹೊಟ್ಟೆಗೆ ಗೊತ್ತಿರಲಿಲ್ಲ.

ಮುಂದೆ ಎರಡು ಸಾವಿರದ ಆಚೆಯ ಒಂದು ಬೇಸಿಗೆ. ಅಕ್ಕ ಮಗಳನ್ನು ಕರೆದುಕೊಂಡು ಕಿತ್ತೂರಿನಿಂದ ಬಂದಿದ್ದಳು. ಹುಡುಗಿ ಆಗತಾನೇ ಓದಲು ಕಲಿತಿತ್ತು. ಬಸ್ಸಿನ ಬೋರ್ಡು, ಸಾಬೂನಿನ ಕಾಗದ, ಏನು ಸಿಕ್ಕರೂ ಕೂಡಿಸಿ ಕೂಡಿಸಿ ಓದುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ನಾವೆಲ್ಲ ಪಡಸಾಲೆಯಲ್ಲಿ ಕುಳಿತಿದ್ದೆವು. ಅವ್ವ ಕಪಾಟು ಒರೆಸಲೆಂದು ಕೆಳಗಿಳಿಸಿದ್ದ ಕೆಂಪು ವಸ್ತ್ರವನ್ನು ಹುಡುಗಿ ಬಿಚ್ಚಿದ್ದನ್ನು ಯಾರೂ ನೋಡಲಿಲ್ಲ. ಹೊಸ್ತಿಲ ಬಳಿ ಬೆಳಕಿಗೆ ಕುಳಿತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿತು. ಪುಸ್ತಕ ತನ್ನ ಅಭ್ಯಾಸದಂತೆ ಬಿಚ್ಚಿಕೊಂಡಿತು.

ಹುಡುಗಿ ದೊಡ್ಡ ದನಿಯಲ್ಲಿ ಓದತೊಡಗಿತು. ಒಂದೊಂದೇ ಅಕ್ಷರ ಕೂಡಿಸುತ್ತ ಗರ್ಭ ಎಂದಿತು. ಅವ್ವನ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು. ಅಪ್ಪ ಅರ್ಧ ಎದ್ದ, ಕಸಿದುಕೊಳ್ಳಲು ಕೈ ಚಾಚಿದ. ಯಾವ ಫಲಕ್ಕೆ ಶಾಪವೆಂದು ನಾವು ನಡುಗಿದ್ದೆವೋ ಆ ಫಲವೇ ಕುಳಿತು ಆ ಸಾಲನ್ನು ಓದುತ್ತಿತ್ತು. ನಮ್ಮ ಮುಖ ನೋಡಿ ಹುಡುಗಿ ಹೆದರಿ ನಿಲ್ಲಿಸಿತು.

"ತಪ್ಪ ಓದಿದೆನೇನ ಅವ್ವಾ?"

ಅಕ್ಕ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತಳು. ಕೈಯನ್ನು ಮಗಳ ಬೆನ್ನ ಮೇಲೆ ಇಟ್ಟಳು.

"ಇಲ್ಲ, ಬರೋಬ್ಬರಿ ಓದಿದಿ. ಇನ್ನೂ ಮಾತು ಮುಗದಿಲ್ಲ. ಮುಂದ ಓದ."

ಹುಡುಗಿ ಮುಂದೆ ಓದಿತು. ತಡವರಿಸಿದ ಕಡೆ ಅಕ್ಕ ಕೂಡಿಸಿಕೊಟ್ಟಳು. ಅಪ್ಪ ಮತ್ತೆ ಕುಳಿತ. ಅವ್ವ ಚೆಲ್ಲಿದ ನೀರನ್ನು ಒರೆಸುವುದನ್ನೂ ಮರೆತು ಗೋಡೆಗೆ ಒರಗಿದಳು. ರೋಗ ಬಂತು, ಬರ ಬಂತು, ಹಗೆ ಬಂತು. ಹುಡುಗಿ ದಣಿದಾಗ ಅಕ್ಕ ಓದಿದಳು, ಅಕ್ಕನ ದನಿ ಬಿದ್ದಾಗ ಪುಸ್ತಕ ಅಪ್ಪನ ಕೈಗೆ ಹೋಯಿತು. ಜೀವದ ಆ ಮಾತು ಬರಲು ಇನ್ನೂ ಕೆಲವು ಹಾಳೆಗಳಿದ್ದವು. ಯಾರೂ ಎದ್ದು ಹೋಗಲಿಲ್ಲ.